ಮಿಕ್ಕ ಬೆಳಕು

ಪರದೆಯ ಮೇಲೆ ಹಳದಿ ಕಲೆ ಸ್ವಲ್ಪ ವಾರೆಯಾಗಿ ಬಿದ್ದಿದೆ, ಪ್ರೊಜೆಕ್ಟರಿನ ಕೆಳಗಿಟ್ಟ ಪುಸ್ತಕ ಸರಿದಿರಬೇಕು, ಅನ್ನಪೂರ್ಣಾ ಮಾತಾಡುತ್ತಲೇ ಇದ್ದಾಳೆ, ನಕ್ಷತ್ರಗಳ ನಡುವಿನ ಮೋಡಗಳಲ್ಲಿ ರೇಡಿಯೋ ದೂರದರ್ಶಕಕ್ಕೂ ಸಿಗದ ಅನಿಲವಿದೆ, ವಿಶ್ವಕಿರಣದ ಕಣಗಳು ಅದಕ್ಕೆ ಬಡಿದಾಗ ಗಾಮಾ ಕಿರಣ ಹೊಮ್ಮುತ್ತದೆ, ಗೊತ್ತಿರುವ ಅನಿಲದ ಪಾಲು ಕಳೆದ ಮೇಲೂ ಬೆಳಕು ಮಿಕ್ಕಿದರೆ ಅಲ್ಲಿ ಇನ್ನೂ ಏನೋ ಇದೆ ಎಂದರ್ಥ — ಬಾಯಿ ತನ್ನಷ್ಟಕ್ಕೆ ಹೇಳುತ್ತಿದೆ, ಬೈಲಹೊಂಗಲದ ಕಾಲೇಜಿನವರು ಊರಿನ ಮಗಳೆಂದು ಹೊದಿಸಿದ ಶಾಲು ಕುತ್ತಿಗೆಗೆ ಚುಚ್ಚುತ್ತಿದೆ, ಕಣ್ಣು ಮಾತ್ರ ಮೂರನೆಯ ಸಾಲಿಗೆ ಹೋಗಿ ಹೋಗಿ ಬರುತ್ತಿದೆ, ಅಲ್ಲಿ ಮಾಲಾ, ಆರು ವರ್ಷದ ಹಿಂದೆ ತನ್ನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು, ಈಗ ಕಟಕೋಳದ ಶಾಲೆಯ ವಿಜ್ಞಾನ ಟೀಚರು, ಸವದತ್ತಿಯಲ್ಲಿ ಬಸ್ಸು ಬದಲಿಸಿ ಹುಡುಗಿಯರನ್ನು ಕರೆತಂದಿದ್ದಾಳೆ, ಬಾಗಿಲಲ್ಲೇ ಸಿಕ್ಕಳು, ಆರಾಮ ಅದೀರೇನ್ರಿ ಮೇಡಂ, ಎಂದು ಹುಡುಗಿಯರ ಕಡೆ ತಿರುಗಿ, ನೋಡ್ರಿ, ಇವರ ಹಂತೇಕ ಎರಡ ವರ್ಷ ಕಲತೇನಿ ನಾ, ಎಂದಳು, ಎಷ್ಟು ಹೆಮ್ಮೆ ಆ ಮುಖದಲ್ಲಿ, ಬೈದಿದ್ದರೆ ಚೆನ್ನಾಗಿತ್ತು. ಆರು ವರ್ಷದ ಹಿಂದಿನ ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಮಾಲಾ ನಕ್ಷೆ ಹಿಡಿದು ಬಂದಿದ್ದಳು, ಮೋಡದ ಅಂಚಿಗೆ ನೀಲಿ ಕಲೆ, ಮೇಡಂರಿ, ಎಲ್ಲಾ ಕಳದ್ರೂ ಇಷ್ಟ ಉಳಿಯಾಕ ಹತ್ತೇತಿ, ಅಲ್ಲಿ ಗ್ಯಾಸ್ ಇರಬೇಕ್ರಿ — ರೊಟ್ಟಿ ಮುರಿಯುತ್ತಲೇ ಅನ್ನಪೂರ್ಣಾ ಹೇಳಿದ್ದಳು, ಅದು ನಿನ್ನ ಲೆಕ್ಕದ ತಪ್ಪು, ತಗದ ಹಾಕು, ಈ ಕೆಲಸ ನಿನಗ ಒಗ್ಗೂದಿಲ್ಲ ಮಾಲಾ. ಹೂಂನ್ರಿ ಎಂದಳು, ಅಷ್ಟೇ, ತಿಂಗಳೊಳಗೆ ಬಿಟ್ಟು ಹೊರಟಳು, ಟ್ರಂಕು ಒಯ್ಯಲು ಬಂದ ಅವಳಪ್ಪ ಮುತ್ತಪ್ಪ ಕೈ ಮುಗಿದ, ನಮ್ಮ ಹುಡುಗಿ ನಿಮಗ ಭಾಳ ತ್ರಾಸ ಕೊಟ್ಟಳ್ರಿ. ಬೈಯಬೇಕಾದವನೂ ಕೈ ಮುಗಿದ. ಮರುವರ್ಷ ಅದೇ ನಕ್ಷೆಯ ಮೇಲೆ, ಅನಿಲವಿದ್ದಲ್ಲೆಲ್ಲ ಇರುವ ಆಕಾಶದ ದೂಳಿನ ನಕ್ಷೆ ಇಟ್ಟು ನೋಡಿದಾಗ ಕಲೆಗೆ ಕಲೆ ಕೂತಿತ್ತು, ಮಾಲಾಳ ನಂಬರು ಫೋನಿನಲ್ಲೇ ಇತ್ತು, ನಾಳೆ ಮಾಡಿದರಾಯಿತು, ನಾಳೆ, ಪ್ರಬಂಧ ತನ್ನೊಬ್ಬಳ ಹೆಸರಿನಲ್ಲೇ ಅಚ್ಚಾಯಿತು, ನೀಲಿಯನ್ನು ಹಳದಿ ಮಾಡಿದ್ದು ಯಾಕೆ, ಯಾರೂ ಕೇಳಿರಲಿಲ್ಲ, ಆ ಹಳದಿಯಿಂದಲೇ ಇರಬೇಕು ಮಾಲಾಗೆ ಇವತ್ತೂ ತನ್ನದೇ ಕಲೆಯ ಗುರುತು ಸಿಕ್ಕಿಲ್ಲ — ಭಾಷಣ ಮುಗಿದಿದೆ, ಚಪ್ಪಾಳೆ, ಮಾಲಾಳ ಪಕ್ಕದ ಹುಡುಗಿ ಎದ್ದಿದ್ದಾಳೆ, ಮೇಡಂರಿ, ಅಲ್ಲಿ ಗ್ಯಾಸ್ ಐತಿ ಅಂತ ನಿಮಗ ಮೊದಲ ಹೆಂಗ ಗೊತ್ತಾತ್ರಿ? ಹೇಳಲು ಕಥೆ ಸಿದ್ಧವಿದೆ, ಹತ್ತು ಸಭೆಗಳಲ್ಲಿ ಹೇಳಿದ್ದು, ಒಂದು ದಿನ ನಾನು, ಎಂದು ಶುರುವಾಗುವುದು, ಒಂದು ದಿನ ನಾನು — ನಾ ಕಂಡಿದ್ದಲ್ಲ, ಎಂದಳು, ಮೈಕು ಅದನ್ನು ದೊಡ್ಡದು ಮಾಡಿತು, ನಿಮ್ಮ ಮಾಲಾ ಟೀಚರ್ ಕಂಡಿದ್ದು, ನಾ ತಪ್ಪು ಅಂತ ತಗಸಿದೆ, ಆಮ್ಯಾಲ ನನ್ನ ಹೆಸರಲೆ ಬರದೆ. ವೇದಿಕೆಯ ಪ್ರಾಚಾರ್ಯರು ನೀರಿನ ಬಾಟಲಿ ಅತ್ತಿತ್ತ ಸರಿಸಿದರು, ಮಾಲಾ ಮೆಲ್ಲಗೆ ಎದ್ದಳು, ಹಂಗಾರ ನನ್ನ ಲೆಕ್ಕ ಬರೋಬರಿ ಇತ್ತೇನ್ರಿ? ಬರೋಬರಿ ಇತ್ತು, ಎಂದಳು ಅನ್ನಪೂರ್ಣಾ, ಹೇಳಿದರೆ ಹಗುರಾಗುತ್ತದೆಂದು ತಿಳಿದಿದ್ದಳು, ಆರು ವರ್ಷ ತನ್ನನ್ನೇ ದಡ್ಡಿ ಎಂದುಕೊಂಡು ಬದುಕಿದವಳ ಮೇಲೆ ಈಗ ಇದನ್ನೂ ಹೊರಿಸಿದಂತಾಯಿತು, ನಾಳೆ ಪ್ರಬಂಧ ಅಚ್ಚಾದ ಪತ್ರಿಕೆಗೆ ಬರೆದು ಅವಳ ಹೆಸರು ಸೇರಿಸಬೇಕು, ನಾಳೆ ಅಲ್ಲ, ಇವತ್ತೇ, ವಾಪಸು ಬಾ ಎನ್ನಬೇಕು, ಯಾವ ಬಾಯಿಂದ, ಕುಂಡ್ರಿರಿ ಟೀಚರ್, ಹುಡುಗಿಯೊಬ್ಬಳು ಸೆರಗು ಜಗ್ಗುತ್ತಿದ್ದಾಳೆ, ಮಾಲಾ ಕೂರುತ್ತಿಲ್ಲ, ಅಳುತ್ತಿಲ್ಲ, ಮುತ್ತಪ್ಪನಿಗೆ ಏನು ಹೇಳುತ್ತಾಳೆ, ಮಾಲಾ ನಿಂತಿದ್ದಾಳೆ, ಕೂತ ಹುಡುಗಿಯರ ನಡುವೆ, ಪರದೆಯನ್ನೇ ನೋಡುತ್ತ, ನಿಂತೇ ಇದ್ದಾಳೆ.