ಸೀನುವ ಕಾರು

ತಮ್ಮ ಮಿಸ್ಬಾಹ್‌ನ ಕಾರು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಬಾಗಿಲಿನ ಜಪಾನಿ ಕಾರು. ಬಂದಾಗ ಇದ್ದ ಎಂಜಿನ್ನೇ ಬೇಕಾದಷ್ಟು ಓಡುತ್ತಿತ್ತು. ಇವನು ಅದನ್ನು ಶಾರ್ಜಾದ ಒಂದು ಗ್ಯಾರೇಜಿಗೆ ಒಯ್ದು ಎಂಜಿನ್ನಿಗೆ ಗಾಳಿ ತುರುಕಿ ವೇಗ ಹೆಚ್ಚಿಸುವ ಹೊರಗಿನ ಟರ್ಬೊ ಕಿಟ್ ಕೂಡಿಸಿಕೊಂಡು ಬಂದ. ರಜಾದಿನದ ಷೋಕಿಯಾಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮೂರು ಕಲ್ಬಾದಿಂದ ದಿನಾ ಕೆಲಸಕ್ಕೆ ಅದರಲ್ಲೇ, ಮೀನು ಮಾರುಕಟ್ಟೆಗೆ ಅದರಲ್ಲೇ, ಮಸೀದಿಗೂ ಅದರಲ್ಲೇ. ಬೇಸಿಗೆಯಲ್ಲಿ ಬಾನೆಟ್ಟಿನ ಮೇಲೆ ರೊಟ್ಟಿ ಸುಡಬಹುದು. ಸಿಗ್ನಲ್ಲಿನಲ್ಲಿ ನಿಂತರೆ ಎಸಿ ಬಿಸಿಗಾಳಿ ಊದುತ್ತದೆ. ಮನೆ ಮುಂದೆ ನಿಂತ ಮೇಲೂ ಟರ್ಬೊ ತಣ್ಣಗಾಗುವ ತನಕ ಎಂಜಿನ್ ಗುರುಗುಡುತ್ತಲೇ ಇರಬೇಕು. ಅಷ್ಟು ಹೊತ್ತೂ ಇವನು ಒಳಗೆ ಕೂತು ಬೆವರುತ್ತಿರುತ್ತಾನೆ.

"ಹೆಂಡ್ತಿ ಬಿಟ್ಟು ಹೋದ್ಲು, ಈಗ ಇದನ್ನ ಕಟ್ಕೊಂಡಿದೀಯಾ?" ಎಂದು ಒಮ್ಮೆ ಬೈದೆ.

"ಇದು ಸೂಪರ್ ಪೆಟ್ರೋಲ್ ಬಿಟ್ಟು ಬೇರೇನೂ ಕೇಳಲ್ಲ ಅಣ್ಣ. ಅವಳಿಗಿಂತ ವಾಸಿ."

ಅದು ನಿಜ. ಆ ಕಿಟ್‌ಗೆ ಸೂಪರೇ ಆಗಬೇಕು. ನಮ್ಮ ಬಂಕುಗಳಲ್ಲಿ ಸ್ಪೆಷಲ್ ಎಂಬುದು ಸೂಪರಿಗಿಂತ ಒಂದು ಮೆಟ್ಟಿಲು ಕೆಳಗಿನದು. ಅದನ್ನು ಹಾಕಿ ಜೋರು ಮಾಡಿದರೆ ಎಂಜಿನ್ ಒಳಗೇ ಒಡೆಯುತ್ತದೆ. ಅದಕ್ಕೇ ಕೀಲಿಯನ್ನು ನನ್ನ ಕೈಗೂ ಕೊಡುತ್ತಿರಲಿಲ್ಲ.

ಅವನ ಮಗಳು ಅಫ್ರಾಗೆ ಮಾತ್ರ ಆ ಕಾರೆಂದರೆ ಪ್ರಾಣ. ಏಳು ವರ್ಷದ ಹುಡುಗಿ, ತಾಯಿ ಶಮ್ಸಾಳ ಜೊತೆ ಧೈದ್‌ನಲ್ಲಿ ಅಜ್ಜನ ಮನೆಯಲ್ಲಿದ್ದಾಳೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಟರ್ಬೊದ ಗಾಳಿ 'ಪುಶ್' ಎಂದು ಹೊರಗೆ ನುಗ್ಗುತ್ತದಲ್ಲ, ಅದು ಅವಳ ಪಾಲಿಗೆ ಸೀನು. ಮನುಷ್ಯರು ಸೀನಿದಾಗ ಹೇಳುವಂತೆಯೇ ಗಂಭೀರವಾಗಿ "ಯರ್ಹಮುಕಲ್ಲಾಹ್" ಎನ್ನುತ್ತಾಳೆ. ಅಪ್ಪ ನೋಡಲು ಬರುವ ಶುಕ್ರವಾರ ಬೀದಿ ತಿರುವಿನಲ್ಲಿ ಸೀನು ಕೇಳಿದರೆ ಗೇಟಿಗೆ ಓಡಿ ಬರುತ್ತಾಳೆ.

ತಲಾಖ್ ಆದ ಮೇಲೆ ಒಂದು ಹಬ್ಬಕ್ಕೂ ಮಗಳು ನಮ್ಮ ಮನೆಗೆ ಬಂದಿರಲಿಲ್ಲ. ಬಕ್ರೀದಿನ ಹಿಂದಿನ ಶುಕ್ರವಾರ ಶಮ್ಸಾ ಅಷ್ಟಿಷ್ಟು ಮೆತ್ತಗಾದಳು. ಕಲ್ಬಾದಲ್ಲಿ ಹಬ್ಬದ ಬಟ್ಟೆ ಕೊಡಿಸಿ, ಸಮುದ್ರ ತೋರಿಸಿ, ಸಂಜೆಗೆ ತಂದುಬಿಡುವುದೆಂದು ಮಾತಾಗಿತ್ತು. ದೊಡ್ಡವರೊಬ್ಬರು ಇರಲಿ ಎಂದು ಮಿಸ್ಬಾಹ್ ನನ್ನನ್ನೂ ಎಳೆದುಕೊಂಡು ಹೋಗಿದ್ದ.

"ಮಗ್ರಿಬ್ ಬಾಂಗ್‌ಗೆ ಮುಂಚೆ ಹುಡುಗಿ ಇಲ್ಲಿರ್ಬೇಕು," ಎಂದಳು ಶಮ್ಸಾ ಬಾಗಿಲ ಹಿಂದಿನಿಂದ. "ಸುಸೂತ್ರ ಕರ್ಕೊಂಡ್ ಬಂದ್ರೆ ಹಬ್ಬದ ದಿನಗಳು ನಿಮ್ಮನೇಲಿರ್ಲಿ. ಆ ಕಾರಿನಿಂದ ಏನಾದ್ರೂ ಎಡವಟ್ಟಾಯ್ತೋ, ಮತ್ತೆ ಹಬ್ಬದ ಮಾತೆತ್ತಬೇಡಿ."

ಅವಳ ತಂದೆ ಹುಮೈದ್ ಮಾವ ಹಳೇ ಕಾಲದ ಮನುಷ್ಯ. ಆ ಮನೆಯಲ್ಲಿ ಇನ್ನೂ ಮಿಸ್ಬಾಹ್‌ನನ್ನು ಅಳಿಯನೆಂದು ಕರೆಯುತ್ತಿದ್ದವರು ಅವರೊಬ್ಬರೇ. ಅವರ ಮನೆಯಿಂದ ಯಾವ ಅತಿಥಿಯೂ ಖಾಲಿ ಟ್ಯಾಂಕಿನಲ್ಲಿ ಹೊರಟದ್ದಿಲ್ಲ. ಆಡಿನ ಮಾಂಸದ ಊಟವಾಗಿ ನಾವು ನಮಾಜಿಗೆ ನಿಂತಿದ್ದಾಗ, ಬಾಗಿಲ ಬಳಿ ಬಿದ್ದಿದ್ದ ಕೀಲಿಯನ್ನು ಎತ್ತಿಕೊಂಡು ತಮ್ಮ ಡ್ರೈವರನ ಜೊತೆ ಬಂಕಿಗೆ ಹೋಗಿ ಬಂದೇಬಿಟ್ಟಿದ್ದರು.

"ಟ್ಯಾಂಕು ಕಂಠಮಟ್ಟ ತುಂಬ್ಸಿದೀನಿ ಅಳಿಯಾ. ಬಿಸ್ಮಿಲ್ಲಾ ಅಂತ ಹೊರಡಿ."

ಮಿಸ್ಬಾಹ್‌ನ ಮುಖ ನೋಡಿದೆ. ಬರುವಾಗ ಟ್ಯಾಂಕು ತಳ ಕಂಡಿತ್ತು. ಯಾವುದು ಹಾಕಿಸಿದಿರಿ ಎಂಬ ಮಾತು ಅವನ ಗಂಟಲಲ್ಲಿ ಬಂದು ನಿಂತದ್ದು ನನಗೆ ಕಂಡಿತು. ಆದರೆ ಉಣ್ಣಲು ಕೊಟ್ಟವನನ್ನು ಅಕ್ಕಿ ಯಾವುದೆಂದು ಕೇಳುತ್ತಾರೆಯೇ? ಇಲ್ಲಿನ ರೂಢಿಯಂತೆ ಮಾವನ ಮೂಗಿಗೆ ಮೂಗು ತಾಗಿಸಿ "ದೇವರು ನಿಮಗೆ ಹೆಚ್ಚು ಕೊಡ್ಲಿ ಮಾವ" ಎಂದು ಹೊರಟ.

ಮೆಲ್ಲಗೇ ಓಡಿಸಿದ. ಅಫ್ರಾ ಹಿಂದಿನ ಇಕ್ಕಟ್ಟು ಸೀಟಿನಿಂದ ಕತ್ತು ಚಾಚಿದಳು.

"ಬಾಬಾ, ಸೀನ್ಸು!"

"ಇವತ್ತು ಬೇಡ ಕಂದ. ಅದಕ್ಕೆ ಹುಷಾರಿಲ್ಲ."

"ಒಂದೇ ಒಂದು! ದೊಡ್ಡಪ್ಪ, ನೀನಾದ್ರೂ ಹೇಳು."

"ಸುಮ್ನೆ ಕೂತ್ಕೊಳೇ ಕೋತಿ," ಎಂದು ಗದರಿದೆ.

ಅವಳ ಮುಖ ಸಣ್ಣದಾಯಿತು. ಕನ್ನಡಿಯಲ್ಲಿ ಅದನ್ನು ಕಂಡ ಮಿಸ್ಬಾಹ್‌ಗೆ ತಡೆಯಲಾಗಲಿಲ್ಲ. ವಾದಿ ಹಿಲೊದ ಬೆಟ್ಟದ ಏರಿನಲ್ಲಿ ಒಂದೇ ಸಲ ಆಕ್ಸಿಲರೇಟರ್ ಒತ್ತಿದ. ಡಬ್ಬಿಯಲ್ಲಿ ಕಲ್ಲು ಕುಲುಕಿದ ಸದ್ದಾಯಿತು. ಆಮೇಲೆ ಏನೋ ಮುರಿಯಿತು. ಹಿಂದೆ ನೀಲಿ ಹೊಗೆ. ಕಾರು ಬದಿಗೆ ಸರಿದು ಸತ್ತಿತು. ಹೊಗೆ ಕಂಡು ಹುಡುಗಿ ಕಿರುಚಿದಳು. ಅವಳನ್ನು ಎತ್ತಿಕೊಂಡು ಹೊರಗೆ ನಿಂತೆ. ಬಂಡೆಗಳೂ ಕೆಂಡದಂತಿದ್ದವು.

ಫೋನು ಮಾಡಿದೆವು. ಶಮ್ಸಾ ತಂದೆಯನ್ನು ಕೂರಿಸಿಕೊಂಡು ತಾನೇ ಬಂದಳು. ಮಗಳನ್ನು ಕಸಿದುಕೊಂಡು ಮೈ ಕೈ ಮುಟ್ಟಿ ನೋಡಿದಳು.

"ಈ ಹೊಗೆ ಡಬ್ಬದಲ್ಲಿ ನನ್ ಮಗಳನ್ನ ಸಾಯ್ಸಕ್ಕೆ ಹೊರಟಿದ್ಯಾ? ಹಬ್ಬ ನಮ್ಮನೇಲೇ. ಇನ್ನು ಕೇಳ್ಲೇಬೇಡ."

ಹುಮೈದ್ ಮಾವ ಕಾರಿನ ಸುತ್ತ ಒಂದು ಸುತ್ತು ಬಂದರು. "ಏನಾಯ್ತೋ ಇದಕ್ಕೆ? ಕಂಜೂಸಿ ಮಾಡ್ಲಿಲ್ಲವಲ್ಲ ನಾನು. ಬಂಕಿನ ಹುಡುಗ ಸೂಪರೋ ಸ್ಪೆಷಲೋ ಅಂದ. ನನ್ ಅಳಿಯಂಗೆ ಸ್ಪೆಷಲ್ಲೇ ಹಾಕು ಅಂದೆ!"

"ಮಾವ, ಅದೇ..." ಎಂದು ಬಾಯಿ ತೆರೆದೆ. ಮಿಸ್ಬಾಹ್ ನನ್ನ ತೋಳು ಹಿಡಿದು, ಉಗುರು ಇಳಿಯುವಂತೆ ಒತ್ತಿದ.

"ಪೆಟ್ರೋಲಿಂದಲ್ಲ ಮಾವ. ನಾನೇ ಜೋರು ಮಾಡ್ದೆ. ತಪ್ಪು ನಂದು."

"ಕೇಳಿದ್ಯಾ ಅಪ್ಪಾ?" ಎಂದಳು ಶಮ್ಸಾ. ಇಬ್ಬರನ್ನೂ ಕೂರಿಸಿಕೊಂಡು ತನ್ನ ಕಾರು ತಿರುಗಿಸಿ ಹೊರಟೇ ಹೋದಳು. ಅಫ್ರಾ ಹಿಂದಿನ ಗಾಜಿಗೆ ಹಣೆ ಒತ್ತಿ ನೋಡುತ್ತಿದ್ದಳು.

"ನಾಲ್ಗೆ ಬಿದ್ದೋಗಿತ್ತೇನೋ?" ಎಂದು ಕೂಗಾಡಿದೆ. "ಒಂದು ಮಾತು ಹೇಳಿದ್ರೆ ಹಬ್ಬ ಉಳೀತಿತ್ತು!"

"ಆ ಮನೇಲಿ ನನ್ನನ್ನ ಅಳಿಯ ಅನ್ನೋರು ಅವರೊಬ್ರೇ. ಪ್ರೀತಿಯಿಂದ ತುಂಬ್ಸಿದ್ದಕ್ಕೆ, ಮಗಳು ಮೊಮ್ಮಗಳ ಎದುರಿಗೆ ನಾನು ತಪ್ಪು ಹೊರಿಸ್ಲಾ ಅಣ್ಣ?"

ಕಾರಿನ ಚಕ್ರಕ್ಕೆ ಒದ್ದೆ. ನನ್ನ ಕಾಲಿಗೇ ನೋವಾಯಿತು.

ಗ್ಯಾರೇಜಿನವರು ಕಿಟ್ ಬಿಚ್ಚಿ, ಎಲ್ಲಿಂದಲೋ ಹಳೇ ಎಂಜಿನ್ ತಂದು ಕೂರಿಸಿದರು. ಈಗ ಅದು ಎಲ್ಲ ಕಾರುಗಳ ಹಾಗೆ ಯಾವ ಪೆಟ್ರೋಲಿಗೂ ಓಡುತ್ತದೆ.

ಬಕ್ರೀದಿನ ಬೆಳಿಗ್ಗೆ ನಮಾಜು ಮುಗಿಸಿ ಬಂದು ಮಿಸ್ಬಾಹ್ ಅಂಗಳದಲ್ಲಿ ಒಬ್ಬನೇ ಕೂತಿದ್ದ. ಮಾವನ ಫೋನು ಬಂತು. ಹಬ್ಬದ ಹಾರೈಕೆ ಮುಗಿಸಿ, "ಕಾರು ಸರಿಯಾಯ್ತಂತಲ್ಲ! ಶುಕ್ರವಾರ ಬಾ, ಮತ್ತೆ ಸ್ಪೆಷಲ್ ತುಂಬ್ಸಿ ಕಳಿಸ್ತೀನಿ," ಎಂದರು. ನನಗೂ ಕೇಳುವಷ್ಟು ದೊಡ್ಡ ಗಂಟಲು ಅವರದು.

"ಆಗ್ಲಿ ಮಾವ. ತುಂಬ್ಸಿ," ಎಂದ.

ಫೋನು ಅಫ್ರಾಳ ಕೈಗೆ ಹೋಯಿತು.

"ಬಾಬಾ, ಅದು ಈಗ ಸೀನತ್ತಾ?"

ಮಿಸ್ಬಾಹ್ ಗೇಟಿನಾಚೆ ನಿಂತಿದ್ದ ಕಾರನ್ನು ನೋಡಿದ.

"ಇಲ್ಲ ಕಂದ. ಅದರ ನೆಗಡಿ ಹೋಯ್ತು."