ಹೂ ಬಿದ್ದ ಗುಂಡಿ

ಸತ್ತವನ ಅಣ್ಣ ಹಿತ್ತಲಿನ ಗೊಬ್ಬರದ ಗುಂಡಿಗೆ ಆಗಲೇ ಸಲಿಕೆ ಹಾಕಿದ್ದ. ಹೆಣ ಇನ್ನೂ ನಡುಮನೆಯಲ್ಲೇ ಇತ್ತು. ಬಂದವರು ಸುತ್ತ ಕುಳಿತು, ಅಳುವುದೋ ಬಿಡುವುದೋ ತಿಳಿಯದೆ ಸಲಿಕೆಯ ಸದ್ದು ಕೇಳುತ್ತಿದ್ದರು.

"ಉರಿಯೋ ಮನೇಲಿ ಗಳ ಹಿರಿಯೋದು ಅಂದ್ರೆ ಇದೇ ನೋಡಿ," ಎಂದಳು ಪಕ್ಕದ ಮನೆಯವಳು.

ಸತ್ತವನ ಹೆಂಡತಿ ಎದ್ದು ಹಿತ್ತಲಿಗೆ ಬಂದಳು. "ಏನ್ ಭಾವ ಇದು? ಅವ್ರನ್ನ ಎತ್ತೋವರೆಗೂ ತಡ್ಕೊಳಕ್ಕಾಗಲ್ವಾ?"

"ಹೊರೋರು ಬರೋಕೆ ಇನ್ನೂ ಹೊತ್ತಿದೆ. ನಾಳೆ ಬದನೆ ಸಸಿ ನೆಡ್ಬೇಕು. ನಮ್ಮಪ್ಪನ ಹಿತ್ತಲಲ್ಲಿ ಆದದ್ದು ನನಗೂ ಸೇರತ್ತೆ."

"ಈ ಗುಂಡಿಗೆ ಹಾಕೋ ಕಳೆ ಮುಟ್ಟಿದ್ರೆ ಮೈ ಕಡಿಯತ್ತೆ ಅಂತಿದ್ರಲ್ಲ?"

"ಗೊಬ್ಬರ ಆದ್ಮೇಲೆ ಯಾವ ಕಡಿತ?"

ಸತ್ತವನನ್ನು ಎಲ್ಲರೂ ಕಳೆರಾಯ ಎನ್ನುತ್ತಿದ್ದರು. ಆ ಹೆಸರಿಟ್ಟ ಪುಣ್ಯಾತ್ಮನೂ ಈ ಅಣ್ಣನೇ. ರಸ್ತೆಬದಿ, ಶಾಲೆಯ ಹಿಂದೆ, ಎಲ್ಲಿ ಪಾರ್ಥೇನಿಯಂ ಕಳೆ ಕಂಡರೂ ತಮ್ಮ ಹೂ ಬರುವ ಮೊದಲೇ ಕಿತ್ತು ತಂದು ಕೊಚ್ಚುತ್ತಿದ್ದ. ಸಗಣಿನೀರು ಚಿಮುಕಿಸಿ, ಪದರ ಪದರವಾಗಿ ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತುತ್ತಿದ್ದ. ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಅದರಲ್ಲಿ ಬೆಳೆದ ಟೊಮೇಟೊ ಬಾಯಿ ಚಪ್ಪರಿಸಿ ತಿಂದವರೇ ಅವನ ಕೈ ಮುಟ್ಟಲು ಹಿಂಜರಿಯುತ್ತಿದ್ದರು.

*

ಒಮ್ಮೆ ಒಣಗಲು ಹಾಕಿದ್ದ ಕಳೆಯ ರಾಶಿಗೆ ಅಣ್ಣ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟಿದ್ದ. ಕಳೆರಾಯನ ಹೆಂಡತಿ ಬಾಯಿಗೆ ಬಂದಂತೆ ಬೈದಳು. ಗಂಡ ಮಾತ್ರ, "ಬಿಡೇ, ಬೂದಿನೂ ಗೊಬ್ಬರಾನೇ," ಎಂದು ನಕ್ಕ. ಆ ನಗುವಿಗಾಗಿ ಅವಳು ಗಂಡನನ್ನೂ ಕ್ಷಮಿಸಲಿಲ್ಲ.

ಮೂರು ತಿಂಗಳ ಹಿಂದೆ ಅವನು ಹಾಸಿಗೆ ಹಿಡಿದಾಗ ಗುಂಡಿ ತುಂಬಿದವಳು ಅವಳೇ. ಆಸ್ಪತ್ರೆಯ ಅಲೆದಾಟದಲ್ಲಿ ತಡವಾಗಿ, ಕಳೆಯೆಲ್ಲ ಬೆಳ್ಳಗೆ ಹೂ ಬಿಟ್ಟು ಬೀಜ ಕಟ್ಟಿತ್ತು. ಹಾಗೇ ತುಂಬಿಬಿಟ್ಟಳು. ಕೇಳಿದವನೇ ಅವನು ದಿಂಬಿನಿಂದ ತಲೆ ಎತ್ತಿದ.

"ಆ ಗುಂಡಿ ತೆಗೀಬೇಡ. ಬೀಜ ಅಷ್ಟು ಸುಲಭಕ್ಕೆ ಸಾಯಲ್ಲ, ಹಾಕಿದ ಕಡೆ ಎಲ್ಲಾ ಹುಟ್ಕೊಳತ್ತೆ. ಯಾರ ಹೊಲಕ್ಕೂ ಹೋಗ್ಬಾರ್ದು. ಅಣ್ಣನ ಹೊಲಕ್ಕೂ. ಮಾತು ಕೊಡು."

ಕೊಟ್ಟಿದ್ದಳು.

*

ಮೊದಲ ಬುಟ್ಟಿ ತುಂಬಿತು. ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿತ್ತು. ಭಾವ ಒಂದು ಹಿಡಿ ಎತ್ತಿ ಮೂಸಿದ.

"ಬೇಡ ಭಾವ, ಕೇಳಿ, ಅದು..."

"ತಾನೂ ತಿನ್ನ, ಪರರಿಗೂ ಕೊಡ. ಗಂಡ ಹೆಂಡ್ತಿ ಇಬ್ರೂ ಒಂದೇ ಜಾತಿ ಕಳೆ. ಸದ್ಯ, ಒಂದು ಹೋಯ್ತು."

ಬೀಜದ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು.

"ಅಮ್ಮಾ, ಹೊರೋರು ಬಂದ್ರು, ಬಾ," ಎಂದು ಒಳಗಿನಿಂದ ಮಗಳು ಕೂಗಿದಳು.

ಅವಳು ಒಳಗೆ ಹೋಗಲಿಲ್ಲ. ಗೋಡೆಗೆ ಒರಗಿಸಿದ್ದ ದೊಡ್ಡ ಬುಟ್ಟಿ ತಂದು ಭಾವನ ಮುಂದೆ ಇಟ್ಟಳು. "ತಳದಲ್ಲಿರೋದು ಇನ್ನೂ ಚೆನ್ನಾಗಿದೆ, ತಗೊಳ್ಳಿ."

ಮುಂಬಾಗಿಲಲ್ಲಿ ಗಂಡನನ್ನು ಎತ್ತಿದರು. ಮಗಳು ಮತ್ತೆ ಮತ್ತೆ ಕೂಗುತ್ತಿದ್ದಳು. ಅವಳು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ಭಾವ ಸುರಿದದ್ದು ಒಂದು ಚೂರೂ ಹೊರಗೆ ಚೆಲ್ಲದಂತೆ, ಬುಟ್ಟಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಕುಳಿತಿದ್ದಳು.