ಹೊಗೆ ಕಾಣುವ ತನಕ

ಎಫಿ ಮೂರನೆಯ ಸಲ ಕದ ತಟ್ಟಿದಳು. ಗಾಳಿ ಅವಳ ಬೆನ್ನಿಗಿತ್ತು. ಅವಳ ವಾಸನೆ ಹಿಡಿದ ನಾಯಿ ಒಳಗೆ ಆಗಲೇ ಬೊಗಳಿ ಸುಮ್ಮನಾಗಿತ್ತು. ಚಿಮಣಿಯಿಂದ ಹೊಗೆ ಬರುತ್ತಿತ್ತು, ಅಣ್ಣ ಮನೆಯಲ್ಲೇ ಇದ್ದ.

"ತೆಗಿ ಅಣ್ಣ. ಒಂದು ಗಂಟೆಗೆ ಪೆಟ್ಟಿಗೆ ಎತ್ತುತ್ತಾರೆ."

ಕದ ಒಂದು ಗೇಣು ತೆರೆಯಿತು. ಮರ್ಡೊನಿಗೆ ಎಪ್ಪತ್ತನಾಲ್ಕು. ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ, ಎಲ್ಲಿಗೋ ಹೊರಟವನ ಹಾಗೆ. ಎಫಿಗೆ ಅದನ್ನು ನೋಡಿ ಸ್ವಲ್ಪ ಆಸೆ ಹುಟ್ಟಿತು. ಅವಳು ಕಾರ್ಡನ್ನು ಮುಂದೆ ಹಿಡಿದಳು.

ಶವಪೆಟ್ಟಿಗೆ ಮಾಡುವ ಕೆನೆತ್ ಬರೆದುಕೊಟ್ಟ ಕಾರ್ಡು ಅದು. ನಡುವೆ ಪೆಟ್ಟಿಗೆಯ ಚಿತ್ರ, ಸುತ್ತ ಎಂಟು ಹಗ್ಗ, ಒಂದೊಂದಕ್ಕೆ ಒಂದೊಂದು ಹೆಸರು. ಗುಂಡಿಗೆ ಇಳಿಸುವಾಗ ಯಾರು ಎಲ್ಲಿ ನಿಲ್ಲಬೇಕೆಂದು ಆ ಕಣಿವೆಯಲ್ಲಿ ಮೊದಲೇ ಹೀಗೆ ತಿಳಿಸುತ್ತಾರೆ. ತಲೆಯ ಕಡೆಯ ಒಂದನೇ ಹಗ್ಗ ಅತಿ ಹತ್ತಿರದ ಗಂಡಸಿನದು. ಎಫಿಯ ಗಂಡ ಹೆಕ್ಟರನಿಗೆ ಮಕ್ಕಳಿರಲಿಲ್ಲ, ಅಣ್ಣತಮ್ಮಂದಿರೂ ಉಳಿದಿರಲಿಲ್ಲ. ಅಲ್ಲಿ ಎಫಿ ತನ್ನ ಕೈಯಾರೆ ಮರ್ಡೊನ ಹೆಸರು ಬರೆದಿದ್ದಳು.

"ಮೂವತ್ತೊಂದು ವರ್ಷ ಅವನ ಹತ್ರ ಮಾತಾಡಿಲ್ಲ," ಎಂದ ಮರ್ಡೊ. "ಈಗ ಹೋಗಿ ಹಗ್ಗ ಹಿಡೀಲಾ?"

"ಮಾತಾಡು ಅಂತ ಯಾರೂ ಕೇಳ್ತಿಲ್ಲ. ಅವನೂ ಇವತ್ತು ಆಡಲ್ಲ."

ಮರ್ಡೊನ ಮೀಸೆ ಒಮ್ಮೆ ಅಲುಗಿತು, ಅಷ್ಟೆ. "ತಮ್ಮನನ್ನ ಕೊಂದವನನ್ನ ಅಣ್ಣ ಮಣ್ಣು ಮಾಡಿದ ಅಂತಾರೆ."

"ಅವನು ಕೊಲ್ಲಲಿಲ್ಲ. ಅದು ನಿಂಗೂ ಗೊತ್ತು, ನಂಗೂ ಗೊತ್ತು."

"ಗೊತ್ತು." ಅವನು ಅವಳ ಮುಖ ನೋಡಲಿಲ್ಲ. "ಯಾರ ಹತ್ರ ಆದ್ರೂ ಹೇಳಿದೀಯಾ, ಎಫಿ? ಇಷ್ಟು ವರ್ಷದಲ್ಲಿ ಒಂದು ಸಲ?"

ಅವಳು ಹೇಳಿರಲಿಲ್ಲ. ಕದ ಮುಚ್ಚಿತು. ಗಾಳಿಗೆ ಹಾರಬಾರದೆಂದು ಕಾರ್ಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕಲ್ಲು ಹೇರಿ, ಅವಳು ಮನೆಯ ಕಡೆ ಓಡುನಡಿಗೆಯಲ್ಲಿ ಹೊರಟಳು.

*

ಹೆಕ್ಟರ್ ಜಮೀನ್ದಾರರ ಗುಡ್ಡದಲ್ಲಿ ಬೇಟೆಯ ದಾರಿ ತೋರಿಸುವವನಾಗಿದ್ದ. ಬಂದೂಕಿನ ಅತಿಥಿಗಳನ್ನು ಜಿಂಕೆಯ ಹತ್ತಿರಕ್ಕೆ ತೆವಳಿಸಿಕೊಂಡು ಹೋಗುವುದು ಅವನ ಕೆಲಸ. ಜೇಬಿನಲ್ಲಿ ಯಾವಾಗಲೂ ಜೌಗು ನೆಲದ ಹತ್ತಿಹುಲ್ಲಿನ ಎಳೆಗಳಿರುತ್ತಿದ್ದವು. ಒಂದನ್ನು ಗಾಳಿಗೆ ಬಿಟ್ಟು, ಅದು ಹೋದ ದಿಕ್ಕು ನೋಡಿ, ಆಮೇಲೆ ಹೆಜ್ಜೆ ಇಡುತ್ತಿದ್ದ. ಜಿಂಕೆ ಗಾಳಿಗೆ ಬೆನ್ನು ಕೊಟ್ಟು ಮಲಗುತ್ತದೆ. ಮುಂದಿನದನ್ನು ಕಣ್ಣು ಕಾಯುತ್ತದೆ, ಹಿಂದಿನದನ್ನು ಮೂಗು. ಮೇಲಿನ ಬಟ್ಟಲುಕಣಿವೆಯಲ್ಲಂತೂ ಪಶ್ಚಿಮದ ಗಾಳಿ ಬಂಡೆಗೆ ಬಡಿದು ಹಿಂದಕ್ಕೇ ಸುತ್ತುತ್ತಿತ್ತು. ಅಲ್ಲಿ ಮನುಷ್ಯನ ಒಂದು ಉಸಿರು ಸಾಕಿತ್ತು, ಇಡೀ ಹಿಂಡು ಗುಡ್ಡ ದಾಟುತ್ತಿತ್ತು.

ಅದಕ್ಕೇ ಸತ್ತ ಜಿಂಕೆಯನ್ನು ಹೊರುವ ಕುದುರೆಯವನು ಕೆಳಗೆ, ದೊಡ್ಡ ಕಲ್ಲಿನ ಮರೆಯಲ್ಲಿ ಕೂರಬೇಕಿತ್ತು. ಬೇಟೆ ಮುಗಿದ ಮೇಲೆ ಹೆಕ್ಟರ್ ಗುಡ್ಡದ ಹೆದರ್ ಎಂಬ ಕುರುಚಲು ಪೊದೆಗೆ ಬೆಂಕಿ ಇಟ್ಟು ಹೊಗೆ ಎಬ್ಬಿಸುತ್ತಿದ್ದ. ಹೊಗೆ ಕಾಣುವ ತನಕ ಕುದುರೆಯವನು ಅಲುಗುವಂತಿರಲಿಲ್ಲ.

ಆ ಕೆಲಸ ಎಫಿಯ ತಮ್ಮ ಆಂಗಸನದು. ಹಿಂದಿನ ವರ್ಷ ಅವನು ಚಳಿ ತಡೆಯದೆ ಹೊಗೆಗೆ ಮೊದಲೇ ಎದ್ದು ನಡೆದಿದ್ದ. ಇಪ್ಪತ್ತು ಜಿಂಕೆ ಓಡಿಹೋದವು. ಅಂದಿನಿಂದ ಊರು ಅವನನ್ನು 'ಗಾಳಿಗೇಡಿ' ಎಂದೇ ಕರೆಯಿತು. ಅಂಗಡಿಗೆ ಹೋದರೆ, "ಬಂದೆಯಾ ಗಾಳಿಗೇಡಿ, ಹೊಗೆ ಕಾಣಿಸ್ತಾ?" ಎನ್ನುತ್ತಿದ್ದರು. ಎಫಿಯೂ ಒಂದೆರಡು ಸಲ ಹಾಗೆ ಕರೆದು ನಕ್ಕಿದ್ದಳು.

ಅದು ಅಕ್ಟೋಬರ್, ಗಂಡು ಜಿಂಕೆಯ ಬೇಟೆಯ ಕೊನೆಯ ವಾರ. ಮಧ್ಯಾಹ್ನ ಗಾಳಿ ಪೂರ್ವಕ್ಕೆ ತಿರುಗಿ ಹಿಮಮಳೆ ಶುರುವಾಯಿತು. ಮೂರೂವರೆಗೆ ಕುದುರೆಯೊಂದೇ ಮನೆಗೆ ಬಂತು. ಬರಿದಾದ ತಡಿ, ಹರಿದ ಹಗ್ಗ. ಮರ್ಡೊ ತಕ್ಷಣ ಕೋಟು ತೊಟ್ಟ. ಎಫಿ ಬಾಗಿಲಿಗೆ ಅಡ್ಡ ನಿಂತಳು.

"ಈಗ ಹೋಗ್ಬೇಡ ಅಣ್ಣ. ನಿನ್ನ ವಾಸನೆ ನೇರ ಮೇಲಕ್ಕೆ ಹೋಗುತ್ತೆ. ಇವತ್ತೂ ಜಿಂಕೆ ಓಡಿದ್ರೆ ಆಂಗಸನನ್ನ ಕೆಲಸದಿಂದ ತೆಗೀತಾರೆ. ಹೊಗೆ ಬರಲಿ."

ಮರ್ಡೊ ಎರಡು ಗಂಟೆ ಕೋಟು ತೊಟ್ಟೇ ಕೂತಿದ್ದ. ಹೊಗೆ ಬರಲಿಲ್ಲ. ಅತಿಥಿಯ ಗುಂಡು ಜಿಂಕೆಯ ಹೊಟ್ಟೆಗೆ ತಗುಲಿತ್ತು. ಗಾಯವಾದದ್ದನ್ನು ನರಳಲು ಬಿಟ್ಟು ಬರಬಾರದೆಂದು ಹೆಕ್ಟರ್ ಅದರ ಹಿಂದೆ ಗುಡ್ಡದ ಆಚೆಗೆ ಇಳಿದಿದ್ದ. ಕತ್ತಲಾಗುತ್ತಲೇ ಆಂಗಸ್ ಮನೆಗೆ ಹೋಗಿರುತ್ತಾನೆ ಎಂದುಕೊಂಡ. ಮರ್ಡೊ ಹೊರಡುವಷ್ಟರಲ್ಲಿ ದಾರಿ ಕಾಣುತ್ತಿರಲಿಲ್ಲ. ಬೆಳಗ್ಗೆ ಆಂಗಸ್ ಕಲ್ಲಿನ ಮರೆಯಲ್ಲಿ ಸಿಕ್ಕ. ಹೊಗೆ ಬರಬೇಕಾದ ಕಡೆಗೇ ಮುಖ ಮಾಡಿ, ಚಳಿಗೆ ಸೆಟೆದು ಕೂತಿದ್ದ. ಇಪ್ಪತ್ತೆರಡು ವಯಸ್ಸು.

ವಿಚಾರಣೆಗೆ ಬಂದವರ ಮುಂದೆ ಹೆಕ್ಟರ್ ಒಂದೇ ಮಾತು ಹೇಳಿದ: ನಾನು ಹೊಗೆ ಹಾಕಲಿಲ್ಲ. ಮನೆಗೆ ಬಂದ ಮೇಲೆ ಎಫಿ ತಾನು ಬಾಗಿಲಿಗೆ ಅಡ್ಡ ನಿಂತ ವಿಷಯ ಎತ್ತಿದಳು. ಅವನು ಬೂಟಿನ ದಾರ ಬಿಚ್ಚುತ್ತಲೇ, "ಒಬ್ಬರ ಮೇಲೆ ಬಿದ್ರೆ ಸಾಕು," ಎಂದ. ಅವಳು ಸಾಕು ಎಂದುಕೊಂಡಳು. ಮೂವತ್ತೊಂದು ವರ್ಷ ಹಾಗೇ ಅಂದುಕೊಂಡಳು.

*

ಮನೆ ತುಂಬಿತ್ತು. ಗಂಡಸರು ನಿಂತುಕೊಂಡೇ ವಿಸ್ಕಿ ಕುಡಿಯುತ್ತಿದ್ದರು. ಹೆಂಗಸರು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದರು. ಹೆಕ್ಟರ್ ಚರ್ಚಿನಲ್ಲಿ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದನೆಂದೂ, ತನ್ನ ತಂಬಾಕಿನ ವಾಸನೆ ಪಾದ್ರಿಗೆ ಹೋಗದ ಹಾಗೆ ಜಾಗ ಆರಿಸುತ್ತಿದ್ದನೆಂದೂ ಯಾರೋ ನೆನೆದರು. ಎಲ್ಲರೂ ಮೆಲ್ಲಗೆ ನಕ್ಕರು.

ಎಫಿ ಕಿಟಕಿಯಿಂದ ದಾರಿ ನೋಡುತ್ತಿದ್ದಳು. ದಾರಿಯಲ್ಲಿ ಯಾರೂ ಇರಲಿಲ್ಲ. ಹನ್ನೆರಡೂವರೆ. ಒಂದಕ್ಕೆ ಹತ್ತು ನಿಮಿಷ. ಅವಳ ಕೈಯ ಬಟ್ಟಲಿನ ಚಹಾ ಆರಿತ್ತು.

"ಒಳ್ಳೆ ಬೇಟೆಗಾರ," ಎಂದಳು ಪಕ್ಕದ ಮನೆಯ ಜೆಸ್ಸಿ. "ಆ ಒಂದು ದಿನ ಬಿಟ್ರೆ."

ಆ ಕಣಿವೆಯಲ್ಲಿ ಹೆಕ್ಟರನ ಹೆಸರು ಬಂದಾಗಲೆಲ್ಲ ಬಾಲದಂತೆ ಬರುತ್ತಿದ್ದ ಮಾತು ಅದು. ಜೆಸ್ಸಿಯ ದನಿಯಲ್ಲಿ ವಿಷವಿರಲಿಲ್ಲ.

ಅಷ್ಟರಲ್ಲಿ ಕೆನೆತ್ ಟೋಪಿ ತಿರುವುತ್ತ ಬಂದ. "ಎಫಿ ಅಕ್ಕ, ಒಂದನೇ ಹಗ್ಗಕ್ಕೆ ಇನ್ನೂ ಯಾರೂ ಬಂದಿಲ್ಲ. ನಾನೇ ಹಿಡೀಲಾ?"

"ನಾನು ಹಿಡೀತೀನಿ."

"ಹೆಂಗಸರು ಗುಂಡಿ ತನಕ ಬರೋದಿಲ್ಲವಲ್ಲ ಅಕ್ಕ," ಎಂದ ಕೆನೆತ್, ಬಹಳ ಮೆತ್ತಗೆ.

ಎಫಿ ಬಟ್ಟಲು ಕೆಳಗಿಟ್ಟಳು. "ಆವತ್ತು ಕುದುರೆ ಬಂದಾಗ ಇನ್ನೂ ಬೆಳಕಿತ್ತು. ಮರ್ಡೊ ಹೊರಟಿದ್ದ. ಬಾಗಿಲಲ್ಲಿ ನಿಂತು ತಡೆದವಳು ನಾನು. ಎರಡು ಗಂಟೆ ತಡೆದೆ. ಹೆಕ್ಟರನಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ."

ಜೆಸ್ಸಿ ಬೆಣ್ಣೆಯ ಚಾಕುವನ್ನು ತಟ್ಟೆಯ ಅಂಚಿನ ಮೇಲೆ ಸದ್ದಾಗದ ಹಾಗೆ ಇಟ್ಟಳು. ಕೆನೆತ್ ಟೋಪಿ ಹಾಕಿಕೊಂಡು, "ಹೊರಡೋಣ," ಎಂದ.

ಸ್ಮಶಾನ ಗುಡ್ಡದ ಬುಡದಲ್ಲಿತ್ತು. ಎಫಿ ತಲೆಯ ಕಡೆ ನಿಂತಳು. ಕಪ್ಪು ಹಗ್ಗ ಅಂಗೈಗೆ ತಣ್ಣಗಿತ್ತು. ಬೆಳಗ್ಗೆ ಹೆಕ್ಟರನ ಕೋಟಿನ ಜೇಬಿನಲ್ಲಿ ಸಿಕ್ಕಿದ್ದ ಹತ್ತಿಹುಲ್ಲಿನ ಎಳೆ ಅವಳ ಇನ್ನೊಂದು ಕೈಯ ಗವಸಿನೊಳಗಿತ್ತು. ಏಕೆಂದು ತಿಳಿಯದೆ ಅದನ್ನು ಗಾಳಿಗೆ ಬಿಟ್ಟಳು. ಅದು ತಿರುಗಿ ಅವಳ ಎದೆಗೇ ಬಂದು ಅಂಟಿತು. ಗಾಳಿ ಗುಡ್ಡದಿಂದ ಇಳಿಯುತ್ತಿತ್ತು.

ಮೊದಲು ವಾಸನೆ ಬಂತು, ಸುಡುತ್ತಿರುವ ಹೆದರ್ ಪೊದೆಯದು. ಹಗ್ಗ ಹಿಡಿದ ಏಳೂ ಗಂಡಸರ ತಲೆ ಒಟ್ಟಿಗೆ ಮೇಲೆದ್ದಿತು. ಆಂಗಸ್ ಸಿಕ್ಕಿದ ಕಲ್ಲಿನ ಪಕ್ಕದಿಂದ ತೆಳುವಾದ ಬಿಳಿ ಹೊಗೆ ಎದ್ದು, ಗಾಳಿಗೆ ಬಾಗಿ, ಅವರ ಕಡೆಗೆ ಇಳಿಯುತ್ತಿತ್ತು. ಅದರ ಬುಡದಲ್ಲಿ ಒಂದು ಕಪ್ಪು ಚುಕ್ಕೆ, ಕೂತಲ್ಲೇ ಕೂತಿತ್ತು.

"ಇಳಿಸಿ," ಎಂದಳು ಎಫಿ.

ಪೆಟ್ಟಿಗೆ ತಳ ಮುಟ್ಟಿದಾಗ ಹಗ್ಗ ಸಡಿಲಾಯಿತು. ಅವಳು ಅದನ್ನು ಗುಂಡಿಯೊಳಗೆ ಬಿಟ್ಟಳು. ಪಾದ್ರಿ ಕಡೆಯ ಪ್ರಾರ್ಥನೆಗೆ ಪುಸ್ತಕ ತೆರೆಯುತ್ತಿದ್ದರು. ಎಫಿ ಅದಕ್ಕೆ ಕಾಯಲಿಲ್ಲ. ಗೋಡೆಯ ಕಿಂಡಿಬಾಗಿಲು ದಾಟಿ ಗುಡ್ಡ ಹತ್ತತೊಡಗಿದಳು. ಗಾಳಿ ಎದುರಿಗಿತ್ತು. ಮೇಲೆ, ಹೊಗೆಯ ಪಕ್ಕದಲ್ಲಿ ಮಲಗಿದ್ದ ಮರ್ಡೊನ ನಾಯಿಗೆ ಅವಳ ವಾಸನೆ ಸಿಗುವಂತಿರಲಿಲ್ಲ. ಅದು ತಲೆ ಎತ್ತಲಿಲ್ಲ.